ಕತ್ತಿನಿಂದ ಕೆಳಗೆ: ಗೆಳೆಯನಿಗೊಂದು ಪತ್ರ

ಗೆಳೆಯಾ,

ನಾನು ಕಳಿಸಿದ ಆ ನೀಲಿ-ಹಳದಿ ಮಕಾವ್ ಗಿಳಿಯ ಫೋಟೋ ನೋಡಿ, "ಯಾವಾಗ್ಲೋ ಬ್ರೆಜಿಲ್‌ಗೆ ಹೋಗಿದ್ದು, ಒಂದು ಮಾತು ಹೇಳಲಿಲ್ಲ" ಅಂತ ಕೋಪ ಮಾಡಿಕೊಂಡಿದ್ದೀಯ. ಎಲ್ಲಿಗೂ ಹೋಗಿಲ್ಲ ಕಣೋ. ಅದು ಮೃಗಾಲಯದ ಹಕ್ಕಿ. ನನಗೂ ಅದಕ್ಕೂ ನಡುವೆ ದಪ್ಪ ತಂತಿಯ ಜಾಲರಿ ಇತ್ತು. ಜಾಲರಿಯನ್ನು ಹೇಗೆ ಮಾಯ ಮಾಡಿದೆ ಅಂತ ಇನ್ನೂ ಕೆಲವರು ಕೇಳಿದ್ದಾರೆ. ಅದಕ್ಕೇ ನಿನಗೆ ಬರೆಯುವುದನ್ನು ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ಮೇಷ್ಟ್ರ ಕೊಕ್ಕರೆಯ ಕಥೆ ಮಾತ್ರ ಇಲ್ಲಿ ಬಿಚ್ಚುವುದಿಲ್ಲ, ಹೆದರಬೇಡ.

ಲೆನ್ಸಿಗೆ ಜಾಲರಿ ಹತ್ತಿರವಿರಬೇಕು, ಜಾಲರಿಯಿಂದ ಹಕ್ಕಿ ದೂರವಿರಬೇಕು. ಮೂಲ ಇಷ್ಟೇ. ಅಪರ್ಚರನ್ನು, ಅಂದರೆ ಬೆಳಕು ಒಳಬರುವ ಕಂಡಿಯನ್ನು, ಲೆನ್ಸ್ ಬಿಟ್ಟಷ್ಟೂ ತೆರೆದುಬಿಡು, ಜೂಮನ್ನು ಪೂರ್ತಿ ಎಳೆ. ಫೋಕಸ್ ಹಕ್ಕಿಯ ಕಣ್ಣಿನ ಮೇಲೆ ನಿಂತಾಗ ಮೂಗಿನ ಮುಂದಿನ ತಂತಿ ಎಷ್ಟು ಹರಡಿಹೋಗುತ್ತದೆಂದರೆ, ಅದು ಅಲ್ಲಿತ್ತು ಅನ್ನುವ ಸುಳಿವೇ ಚಿತ್ರದಲ್ಲಿ ಉಳಿಯುವುದಿಲ್ಲ. ತಂತಿಯ ಮೇಲೆ ಬಿಸಿಲು ಬಿದ್ದಿದ್ದರೆ ಮಾತ್ರ ಇದು ನಡೆಯದು, ಚಿತ್ರಕ್ಕೆಲ್ಲ ಬಿಳಿಚು ಮಂಜು ಕವಿಯುತ್ತದೆ. ಜಾಲರಿಯ ನೆರಳಿರುವ ಭಾಗ ಹುಡುಕಿಕೊಂಡು ನಿಲ್ಲು. ಹೊಳೆಯುವ ತಂತಿಗಿಂತ ಕಪ್ಪು ಬಣ್ಣ ಬಳಿದ ತಂತಿ ಬೇಗ ಕರಗುತ್ತದೆ. ಆಟೋ ಫೋಕಸ್ ತಂತಿಗೇ ಹೋಗಿ ಕಚ್ಚಿಕೊಳ್ಳುತ್ತದೆ, ಆದ್ದರಿಂದ ಫೋಕಸ್‌ಗೆ ಒಂದೇ ಪಾಯಿಂಟ್ ಇಟ್ಟುಕೋ. ಅದಕ್ಕೂ ಬಗ್ಗದಿದ್ದರೆ ಫೋಕಸ್ ರಿಂಗನ್ನು ಕೈಯಲ್ಲೇ ತಿರುಗಿಸು.

ಜನ ಮರೆಯುವುದು ಹಿಂದಿನ ಜಾಲರಿಯನ್ನು. ಮುಂದಿನದು ಮಾಯವಾದರೂ ಹಕ್ಕಿಯ ಬೆನ್ನ ಹಿಂದೆ ಚೌಕುಳಿ ಚೌಕುಳಿಯಾಗಿ ಇನ್ನೊಂದು ಉಳಿದಿರುತ್ತದೆ. ಅದಕ್ಕೆ ಉಪಾಯ ತಾಳ್ಮೆಯೊಂದೇ. ಹಕ್ಕಿ ಗೂಡಿನ ನಡುವಿನ ಕೊಂಬೆಗೆ ಬಂದು, ಅದರ ಹಿಂದೆ ಎಲೆಯ ಹಸಿರೋ ಕತ್ತಲೋ ಇರುವ ಕೋನ ಸಿಗುವವರೆಗೆ ಕಾಯಬೇಕು. ಗಾಜಿನ ಗೂಡಾದರೆ ಲೆನ್ಸಿನ ಮೂತಿಗೆ ಹಾಕುವ ರಬ್ಬರ್ ಹುಡ್ಡನ್ನು ಗಾಜಿಗೆ ಮೆತ್ತಗೆ ಒತ್ತಿ ಹಿಡಿ, ಪ್ರತಿಬಿಂಬದ ಕಾಟ ಮುಗಿಯಿತು. ಫ್ಲ್ಯಾಶ್ ಎಲ್ಲಿಯೂ ಬೇಡ. ಗೂಡಿನ ಮುಂದೆ ಕಟಕಟೆ ಇದ್ದರೆ ಅದನ್ನು ದಾಟಬೇಡ. ತಾಳೆ ಜಾತಿಯ ಗಟ್ಟಿ ಬೀಜ ಒಡೆಯಲೆಂದು ಬೆಳೆದ ಕೊಕ್ಕು ಅದು, ನಿನ್ನ ಬೆರಳು ಯಾವ ಲೆಕ್ಕ?

ಇನ್ನು ಬಣ್ಣ. ನನಗೆ ಹುಚ್ಚು ಹಿಡಿಸಿರುವುದು ಇದೇ. ಮಕಾವ್‌ನ ಗರಿಯಲ್ಲಿ ನೀಲಿ ವರ್ಣದ್ರವ್ಯ ಅನ್ನುವುದೇ ಇಲ್ಲ, ಗೊತ್ತಾ? ಗರಿಯ ಎಳೆಗಳ ಒಳಗಿನ ಕೆರಾಟಿನ್ ಅನ್ನುವ ಪ್ರೋಟೀನಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಯ ರಂಧ್ರಗಳಿರುತ್ತವೆ. ಅವು ಬೆಳಕನ್ನು ಚದುರಿಸುವಾಗ ನೀಲಿ ನಮ್ಮ ಕಡೆಗೆ ಬರುತ್ತದೆ. ಉದುರಿದ ನೀಲಿ ಗರಿಯ ಹಿಂದಿನಿಂದ ಬೆಳಕು ಬಿಟ್ಟು ನೋಡಿದರೆ ಮಂಕು ಕಂದು. ಎದೆಯ ಹಳದಿಯಾದರೋ ನಿಜವಾದ ಬಣ್ಣ. ಸಿಟ್ಟಾಕೋಫಲ್ವಿನ್ ಅನ್ನುವ ಅದನ್ನು ಗಿಳಿ ಜಾತಿಯ ಹಕ್ಕಿಗಳು ಮಾತ್ರ ತಮ್ಮ ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ಫ್ಲೆಮಿಂಗೊ, ಸ್ಕಾರ್ಲೆಟ್ ಐಬಿಸ್‌ಗಳ ಕೆಂಪು ಹಾಗಲ್ಲ, ಅದು ತಿಂದ ಆಹಾರದಲ್ಲಿರುವ ಕ್ಯಾರೊಟಿನಾಯ್ಡ್ ಅನ್ನುವ ವರ್ಣದ್ರವ್ಯಗಳಿಂದ ಬರಬೇಕು. ಅದಕ್ಕೇ ಮೃಗಾಲಯದಲ್ಲಿ ಮೇವಿಗೆ ಅದನ್ನು ಬೆರೆಸುತ್ತಾರೆ, ಇಲ್ಲದಿದ್ದರೆ ಹೊಸ ಗರಿ ಪೇಲವವಾಗಿ ಬರುತ್ತದೆ. ಐಬಿಸ್ ತೆಗೆಯುವಾಗ ಎಕ್ಸ್‌ಪೋಷರ್, ಅಂದರೆ ಒಳಬಿಡುವ ಬೆಳಕು, ಸ್ವಲ್ಪ ಇಳಿಸಿಕೋ. ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆ, ಅದೇ ಹಿಸ್ಟೋಗ್ರಾಂ, ಒಟ್ಟಾರೆ ಚೆನ್ನಾಗಿಯೇ ಕಾಣುತ್ತಿರುತ್ತದೆ, ಕೆಂಪಿನ ಚಾನೆಲ್ ಮಾತ್ರ ಆಗಲೇ ಮಿತಿ ಮೀರಿ ಸಿಡಿದು ಗರಿಯ ಎಳೆಗಳೆಲ್ಲ ಒಂದೇ ಮುದ್ದೆಯಾಗಿರುತ್ತವೆ.

ಇಷ್ಟೆಲ್ಲ ಮಾಡಿದರೂ ಸಿಕ್ಕುವುದು ಅರ್ಧ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ, ಹಕ್ಕಿಗಳಲ್ಲಿ ನಾಲ್ಕು. ನಮಗೆ ಕಾಣದ ಅತಿನೇರಳೆ ಅವಕ್ಕೆ ಕಾಣುತ್ತದೆ. ಕ್ಯಾಮೆರಾದ ಸೆನ್ಸರ್ ಮುಂದೆ ಅದನ್ನು ತಡೆಯುವ ಫಿಲ್ಟರನ್ನೇ ಕೂರಿಸಿರುತ್ತಾರೆ. ಒಂದು ಮಕಾವ್‌ಗೆ ಇನ್ನೊಂದು ಮಕಾವ್ ಹೇಗೆ ಕಾಣುತ್ತದೋ ಹಾಗೆ ಅದನ್ನು ನಾನಾಗಲಿ ನೀನಾಗಲಿ ಎಂದೂ ತೆಗೆಯಲಾರೆವು. ಇದನ್ನು ಮೊದಲ ಸಲ ತಿಳಿದಾಗ ನನಗೆ ಆದ ಬೇಸರ ಇವತ್ತಿಗೂ ಹೋಗಿಲ್ಲ.

ಇಲ್ಲಿಯವರೆಗೆ ನೀನು ಕೇಳಿದ್ದಕ್ಕೆ ಉತ್ತರ. ಇನ್ನು ಮುಂದಿನದು ನೀನು ಕೇಳದೆ ಇದ್ದದ್ದು.

ನಿನಗೆ ಕಳಿಸಿದ್ದು ಮುಖದ ಚಿತ್ರ. ಕೆನ್ನೆಯ ಬಿಳಿ ಚರ್ಮ, ಅದರ ಮೇಲೆ ಸಾಲು ಸಾಲಾಗಿ ಪುಟ್ಟ ಕರಿ ಗರಿಗಳು, ಹಣೆಯ ಹಸಿರು, ಚಿತ್ರದ ತುಂಬ ಹಳದಿ ಬಳೆ ತೊಟ್ಟ ಕಣ್ಣು. ಆ ಬಿಳಿ ಕೆನ್ನೆ ಕೆಂಪೇರುತ್ತದೆ ಕಣೋ. ಸಾಕಿದವರು ಹತ್ತಿರ ಕೂತು ಮಾತಾಡಿಸುವಾಗ ಈ ಜಾತಿಯ ಮಕಾವ್‌ಗಳ ಕೆನ್ನೆ ಕೆಂಪಾಗುವುದನ್ನು ಫ್ರಾನ್ಸಿನ ಸಂಶೋಧಕರು 2018ರಲ್ಲಿ ವರದಿ ಮಾಡಿದ್ದಾರೆ. ಅಷ್ಟು ತುಂಬಿದ ಮುಖ ಅದು.

ಕತ್ತಿನಿಂದ ಕೆಳಗೆ ಆ ಹಕ್ಕಿಗೆ ಗರಿ ಇಲ್ಲ.

ಎದೆಯ ಮೇಲೆ ಅಲ್ಲಲ್ಲಿ ಬೂದು ತುಪ್ಪಳ, ಉಳಿದಂತೆ ಬರೀ ಚರ್ಮ. ತೊಡೆಯೂ ಹಾಗೆಯೇ. ಅದರ ಗರಿಯನ್ನು ಅದೇ ಕಿತ್ತುಕೊಂಡಿದೆ. ಯಾರೋ ಮನೆಯಲ್ಲಿ ಒಂಟಿಯಾಗಿ ಸಾಕಿ, ಆಮೇಲೆ ಇಟ್ಟುಕೊಳ್ಳಲಾಗದೆ ಇಲ್ಲಿಗೆ ತಂದು ಬಿಟ್ಟ ಹಕ್ಕಿ ಅಂತ ಕೀಪರ್ ಹೇಳಿದರು. ಗಿಳಿಗಳಲ್ಲಿ ಈ ಚಾಳಿಗೆ ಚರ್ಮದ ಕಾಯಿಲೆ, ಆಹಾರದ ಕೊರತೆ ಕಾರಣವಿರಬಹುದು. ಒಂಟಿತನ ಮತ್ತು ಮಾಡಲು ಏನೂ ಇಲ್ಲದಿರುವುದು ಅದಕ್ಕಿಂತ ಕಡಿಮೆ ಕಾರಣಗಳೇನಲ್ಲ. ಕಾಡಿನಲ್ಲಿ ಹಿಂಡಿನೊಂದಿಗೆ ಇಡೀ ದಿನ ಹಾರಿ, ಹುಡುಕಿ, ಜಗಳವಾಡಿ ತಿನ್ನುವ ಜೀವ ಅದು, 50 ವರ್ಷ ದಾಟಿ ಬದುಕಬಲ್ಲದು. ಗರಿಯ ಬುಡವನ್ನು ಮತ್ತೆ ಮತ್ತೆ ಕಿತ್ತರೆ ಕೊನೆಗೆ ಅಲ್ಲಿ ಗರಿ ಹುಟ್ಟುವುದೇ ನಿಂತುಹೋಗುತ್ತದೆ. ಈಗ ಅದಕ್ಕೆ ಜೊತೆಗಾರ ಹಕ್ಕಿ ಇದೆ, ಕಡಿಯಲು ದಿನಾ ಹೊಸ ಕೊಂಬೆ ಹಾಕುತ್ತಾರೆ, ಕೀಳುವುದು ಕಡಿಮೆಯಾಗಿದೆ. ಎದೆ ಮಾತ್ರ ತುಂಬಲಿಲ್ಲ.

ಮುಖ ಯಾಕೆ ಅಷ್ಟು ಚೆನ್ನಾಗಿ ಉಳಿದಿದೆ ಅಂದರೆ, ತನ್ನ ತಲೆಗೆ ತನ್ನ ಕೊಕ್ಕು ಎಟುಕುವುದಿಲ್ಲ. ಅಷ್ಟೇ. ನಾನು ಚೌಕಟ್ಟು ಹಾಕಿದ್ದು ಅದಕ್ಕೆ ಎಟುಕದ ಜಾಗಕ್ಕೆ.

ಕೀಪರ್ ಇದನ್ನು ಹೇಳಿದ ಮೇಲೆ ಹಳೆಯ ಫೋಟೋಗಳ ಕಡೆ ಮನಸ್ಸು ಹೋಯಿತು. ಪ್ಯಾಸೆಂಜರ್ ಪಿಜನ್ ನಿನಗೆ ಗೊತ್ತಲ್ಲ, ಉತ್ತರ ಅಮೆರಿಕದಲ್ಲಿ ಒಂದು ಕಾಲಕ್ಕೆ 300ರಿಂದ 500 ಕೋಟಿ ಇದ್ದಿರಬಹುದು ಅನ್ನುವ ಪಾರಿವಾಳ. ಜೀವಂತ ಹಕ್ಕಿಯದೆಂದು ನಮಗೆ ನೋಡಸಿಗುವ ಹೆಸರಾಂತ ಚಿತ್ರಗಳು 1898ರಲ್ಲಿ ಶಿಕಾಗೊದ ವಿಜ್ಞಾನಿ ಚಾರ್ಲ್ಸ್ ವಿಟ್ಮನ್ ಸಾಕಿದ್ದ ಹಕ್ಕಿಗಳವು. ಕೊನೆಯ ಹಕ್ಕಿ ಮಾರ್ಥಾ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು. ದೇಹವನ್ನು ಮಂಜುಗಡ್ಡೆಯಲ್ಲಿ ಹುದುಗಿಸಿ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ಕಳಿಸಿದರು. ನಾಲ್ಕು ವರ್ಷ ಕಳೆಯುವುದರೊಳಗೆ, 1918ರ ಫೆಬ್ರವರಿಯಲ್ಲಿ, ಅದೇ ಮೃಗಾಲಯದಲ್ಲಿ ಇಂಕಾಸ್ ಎಂಬ ಕೆರೊಲಿನಾ ಗಿಳಿ ಸತ್ತಿತು. ಬಂಧನದಲ್ಲಿದ್ದ ಕೊನೆಯ ಕೆರೊಲಿನಾ ಗಿಳಿ ಅದೇ. ಮುದಿಯಾಗಿ ಅಲುಗಾಡದೆ ಕೂತಿರುತ್ತಿದ್ದ ಮಾರ್ಥಾ ಸ್ವಲ್ಪವಾದರೂ ಮಿಸುಕಲಿ ಅಂತ ನೋಡಲು ಬಂದವರು ಮರಳು ಎರಚುತ್ತಿದ್ದರಂತೆ.

ನಾನು ಮರಳು ಎರಚಿಲ್ಲ. ಆದರೆ ಗೂಡಿನ ಮುಂದೆ ನಿಂತು "ಈ ಕಡೆ ತಿರುಗು, ಸ್ವಲ್ಪ ತಲೆ ಎತ್ತು, ಕಣ್ಣಿಗೆ ಬೆಳಕು ಬೀಳಲಿ" ಅಂತ ಒಳಗೊಳಗೇ ಬೇಡುತ್ತೇನಲ್ಲ, ಆ ಆಸೆ ಎರಚಿದವರಲ್ಲೂ ಇತ್ತು ಅನ್ನಿಸಿ ಮೈ ಜುಮ್ಮೆಂದಿತು.

ಮೃಗಾಲಯವೇ ಬೇಡ ಅನ್ನುವವನಲ್ಲ ನಾನು, ನಿನಗೇ ಗೊತ್ತು. ಪೆಸಿಫಿಕ್ ಸಾಗರದ ಗ್ವಾಮ್ ದ್ವೀಪದ ಮಿಂಚುಳ್ಳಿ ಸಿಹೆಕ್‌ನ ಕಥೆ ನೋಡು. ಹಡಗಿನ ಸರಕಿನ ಜೊತೆ ಬಂದ ಕಂದು ಮರಹಾವು ಆ ದ್ವೀಪದ ಹಕ್ಕಿಗಳನ್ನೆಲ್ಲ ನುಂಗುತ್ತಿದ್ದಾಗ, 1980ರ ದಶಕದಲ್ಲಿ, ಉಳಿದಿದ್ದ 29 ಸಿಹೆಕ್‌ಗಳನ್ನು ಹಿಡಿದು ಮೃಗಾಲಯಗಳಿಗೆ ತಂದರು. 1988ರ ಹೊತ್ತಿಗೆ ಕಾಡಿನಲ್ಲಿ ಒಂದೂ ಇರಲಿಲ್ಲ. 2024ರಲ್ಲಿ ಒಂಬತ್ತು ಮರಿಹಕ್ಕಿಗಳನ್ನು ಹಾವಿಲ್ಲದ ಪಾಲ್ಮೈರಾ ಹವಳದ್ವೀಪದಲ್ಲಿ ಬಿಟ್ಟರು. ಮೂರು ದಶಕಕ್ಕೂ ಮಿಕ್ಕಿ ಆ ಹಕ್ಕಿಗಿದ್ದ ಜಗತ್ತು ಗೂಡೊಂದೇ. ಆ ವರ್ಷಗಳ ಸಿಹೆಕ್ ಫೋಟೋದಲ್ಲಿ ತಂತಿ ಅಳಿಸಿ, ಹಿಂದೆ ಹಸಿರು ಮಸುಕು ಮಾಡಿದರೆ, ನೋಡಿದವರಿಗೆ ಅದು ಎಲ್ಲೋ ಸುಖವಾಗಿದೆ ಅನ್ನಿಸುತ್ತದೆ. ಸಾಯದಂತೆ ಅದನ್ನು ಹಿಡಿದಿಟ್ಟಿದ್ದ ಜನರ ದುಡಿಮೆಯೂ ತಂತಿಯ ಜೊತೆಗೇ ಅಳಿಸಿಹೋಗುತ್ತದೆ. ನನ್ನನ್ನು ಕೊರೆಯುವುದು ಇದು. ವನ್ಯಜೀವಿ ಫೋಟೋ ಸ್ಪರ್ಧೆಗಳಲ್ಲಿ ಬಂಧನದ ಪ್ರಾಣಿಯಾದರೆ ಹಾಗೆಂದು ಹೇಳಲೇಬೇಕು, ಎಷ್ಟೋ ಕಡೆ ತೆಗೆದುಕೊಳ್ಳುವುದೂ ಇಲ್ಲ. ಸ್ಪರ್ಧೆಗೆ ಬೇಕಾದ ಆ ಪ್ರಾಮಾಣಿಕತೆ ಗೆಳೆಯರಿಗೆ ಕಳಿಸುವ ಚಿತ್ರಕ್ಕೆ ಬೇಡವೇ?

ಹಾಗಾಗಿ ಈಗ ಮುಖ ತೆಗೆದ ಮೇಲೆ ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಅಪರ್ಚರ್ ಕಿರಿದು ಮಾಡಿ ಎಫ್ 11ಕ್ಕೆ ಇಳಿಸುತ್ತೇನೆ, ತಂತಿ ಚುರುಕಾಗಿ ಬರಲಿ ಅಂತ. ಕಾಲಿನ ಉಂಗುರ, ತಟ್ಟೆ, ಕಡಿದ ಕೊಂಬೆ, ಖಾಲಿ ಎದೆ ಎಲ್ಲ ಒಳಗೆ ಬರುವಷ್ಟು ಅಗಲ. ಎರಡನ್ನೂ ಜೊತೆಗಿಡುತ್ತೇನೆ. ಎರಡನೆಯದು ಚಂದವಿಲ್ಲ ಅಂತ ನೀನು ಹೇಳಬಹುದು, ಜಗಳವಾಡೋಣ.

ಇಲ್ಲಿಗೆ ನಿಲ್ಲಿಸಬೇಕೆಂದು ಕೂತಿದ್ದೆ.

ನೀನು ಅಪ್ಪ ಹೇಗಿದ್ದಾರೆ ಅಂತ ಕೇಳಿದಾಗ ಒಂದು ಫೋಟೋ ಕಳಿಸಿದೆನಲ್ಲ, ಕಿಟಕಿಯ ಬೆಳಕಿನಲ್ಲಿ ನಗುತ್ತಿರುವುದು. "ಮೊದಲಿನ ಹಾಗೇ ಇದ್ದಾರಲ್ಲೋ, ನಿರಾಳವಾಯ್ತು" ಅಂದೆ. ಅದೂ ಮುಖದ ಚಿತ್ರ. ಲಕ್ವ ಹೊಡೆದ ಮೇಲೆ ಅಪ್ಪನ ಮುಖ ಬೇಗ ಸರಿಹೋಯಿತು. ಬಲಗೈ ಬರಲಿಲ್ಲ. ಬಲಗಾಲು ಎಳೆಯುತ್ತದೆ. ಕ್ಯಾಮೆರಾ ಎತ್ತಿದಾಗ ಅವರೇ ಹೇಳಿದರು, "ಕೈ ಬರದ ಹಾಗೆ ತೆಗಿಯೋ." ಹಾಗೇ ತೆಗೆದೆ. ಅವರ ಮಾತು ನಡೆಸಿದ್ದಕ್ಕೆ ನನಗೆ ಸಂಕಟವಿಲ್ಲ. ಅಪ್ಪ ಕೇಳಿದರು, ನಾನು ಕೊಟ್ಟೆ. ಆದರೆ ಆ ಫೋಟೋ ನೋಡಿದವರೆಲ್ಲ ನಿರಾಳವಾದರು, ನಿರಾಳವಾದವರು ಬರುವುದು ಬಿಟ್ಟರು. ಅಪ್ಪ ಸಂಜೆಯಾದರೆ ಬಾಗಿಲ ಕಡೆ ಮುಖ ಮಾಡಿ ಕೂರುತ್ತಾರೆ. ನಾನು ಮನೆಯಲ್ಲಿ ಮಾತಿಲ್ಲದೆ ಕೂತು ಕೂತು, ಭಾನುವಾರ ಬಂದರೆ ಕ್ಯಾಮೆರಾ ಹಿಡಿದು ಮೃಗಾಲಯಕ್ಕೆ ಹೋಗುತ್ತೇನೆ. ಕಾಡಿಗೆ ಹೋಗಲು ದಿನವಿಡೀ ಬೇಕು, ಅಷ್ಟು ಹೊತ್ತು ಅವರನ್ನು ಬಿಟ್ಟಿರಲಾರೆ. ಇನ್ನೊಂದೂ ಇದೆ. ಹೋದಾಗಲೆಲ್ಲ ಆ ಹಕ್ಕಿ ಅಲ್ಲೇ ಇರುತ್ತದೆ. ಹಾರಿಹೋಗದ ಹಕ್ಕಿ ನನಗೆ ಈಗ ಬೇಕಾಗಿದೆ ಕಣೋ. ಅದರ ಬಂಧನದಲ್ಲಿ ನನಗೆ ನೆಮ್ಮದಿ ಸಿಗುತ್ತಿದೆ ಅನ್ನುವುದೇ ನನ್ನನ್ನು ಮಲಗಲು ಬಿಡುತ್ತಿಲ್ಲ.

ಮೊನ್ನೆ ಎರಡೂ ಫೋಟೋ ಅಪ್ಪನಿಗೆ ತೋರಿಸಿದೆ. ಮುಖದ್ದನ್ನು ಒಂದು ಕ್ಷಣ ನೋಡಿ ಚೆನ್ನಾಗಿದೆ ಅಂದರು. ಎರಡನೆಯದನ್ನು ಎಡಗೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿ, "ಇದಕ್ಕೆ ಚಳಿ ಆಗಲ್ವೇನೋ?" ಅಂದರು. ರಾತ್ರಿ ಒಳಗೂಡಿನಲ್ಲಿ ದೀಪದ ಶಾಖ ಇಡ್ತಾರೆ ಅಂತ ಕೀಪರ್ ಹೇಳಿದ್ದನ್ನೇ ಹೇಳಿದೆ. ಜೊತೆಗಾರ ಹಕ್ಕಿ ಯಾವುದು, ಎರಡಕ್ಕೂ ಜಗಳ ಬರುತ್ತಾ, ಮಾತು ಬರುತ್ತಾ ಅಂತ ಒಂದಾದಮೇಲೊಂದು ಕೇಳಿದರು. ಕಾಯಿಲೆ ಬಿದ್ದ ಮೇಲೆ ಅಪ್ಪ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ, "ನನ್ನದೂ ಒಂದು ಪೂರ್ತಿ ತೆಗೆದುಬಿಡು" ಅಂದರು. ತೆಗೆದಿದ್ದೇನೆ. ಇಲ್ಲಿ ಹಾಕುವುದಿಲ್ಲ, ನಿನಗೊಬ್ಬನಿಗೆ ಬೇರೆಯಾಗಿ ಕಳಿಸುತ್ತೇನೆ. ನೋಡಿ ಧೈರ್ಯದ ಮಾತೇನೂ ಬರೆಯಬೇಡ, ಬಾ.

ಸಾಕು, ಎಫ್ ನಂಬರಿನಿಂದ ಶುರುವಾದದ್ದು ಎಲ್ಲೆಲ್ಲಿಗೋ ಹೋಯಿತು. ಬರುವುದಾದರೆ ಬೆಳಗಿನ ಹೊತ್ತಿಗೆ ಬಾ, ಆಗ ಮಕಾವ್‌ಗಳು ಚುರುಕಾಗಿರುತ್ತವೆ, ಬೆಳಕೂ ಓರೆಯಾಗಿರುತ್ತದೆ. ಗಾಲಿಕುರ್ಚಿ ಹೋಗುವ ದಾರಿ ಇದೆ, ಅಪ್ಪನನ್ನೂ ಕರೆದುಕೊಂಡು ಹೋಗೋಣ. ನಿನ್ನ 100-400 ಲೆನ್ಸ್ ತಾ, ಆ ರಬ್ಬರ್ ಹುಡ್ ಮರೆಯಬೇಡ. ಟ್ರೈಪಾಡ್ ಮಾತ್ರ ಬೇಡ. ಯಾಕೆ ಅಂತ ನಿನಗೂ ಗೊತ್ತು, ಆ ಬಾತುಕೋಳಿಗೂ ಗೊತ್ತು.

ನಿನ್ನವ