ಗಾಡಿ ತಣ್ಣಗಿದ್ದಾಗ ನೋಡು

ಚಿತ್ರದುರ್ಗ

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನೀನು ಕಳುಹಿಸಿದ ಎರಡೂ ಗಾಡಿಗಳ ಚಿತ್ರಗಳನ್ನು ಕನ್ನಡಕ ಹಾಕಿಕೊಂಡು, ದೊಡ್ಡದು ಮಾಡಿಕೊಂಡು ನೋಡಿದೆ. ಒಂದು ದಾವಣಗೆರೆಯಲ್ಲಿಯೇ ಓಡಾಡಿದ, ಕೆಎ 17 ನೋಂದಣಿಯ 2014ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ. ಇನ್ನೊಂದು ಪುಣೆ ನೋಂದಣಿಯ 2016ರ ಫಿಯೆಟ್ ಕಂಪನಿಯ ಅಬಾರ್ತ್ ಪುಂಟೊ. ಆ ಹಣಕ್ಕೆ ಹೊಸದೊಂದು ಸಾಧು ಗಾಡಿ ಬರುವಾಗ ಹಳೆಯ ತಂಟೆಯೇಕೆ, ಹುಡುಗನಿಗೆ ಬುದ್ಧಿ ಹೇಳು ಎಂದು ನಿನ್ನ ಅಪ್ಪ ಫೋನು ಮಾಡಿದ್ದ. ಆ ಬುದ್ಧಿ ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಪೋಲೊ 2022ರಲ್ಲಿ ನಮ್ಮ ದೇಶದಲ್ಲಿ ನಿಂತುಹೋಯಿತು, ಫಿಯೆಟ್ ಅದಕ್ಕೂ ಮೊದಲೇ ಅಂಗಡಿ ಮುಚ್ಚಿತು. ಚಿಕ್ಕ ಮೈಯಲ್ಲಿ ದೊಡ್ಡ ಉಸಿರಿರುವ ಗಾಡಿ ಬೇಕೆನ್ನುವವನು ಇನ್ನೊಬ್ಬರು ಓಡಿಸಿದ್ದನ್ನೇ ಕೊಳ್ಳಬೇಕು. ಹೇಗೆ ನೋಡಿ ಕೊಳ್ಳಬೇಕೆಂಬುದಷ್ಟೇ ನನ್ನ ಮಾತು.

ನಿನ್ನ ಅಜ್ಜ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಬಾಯಿ ತೆರೆಸಿ ಹಲ್ಲು ಎಣಿಸುತ್ತಿದ್ದರು, ಸುಳಿ ನೋಡುತ್ತಿದ್ದರು, ಅದು ಸರಿ. ಆದರೆ ದಲ್ಲಾಳಿಯ ಟವೆಲ್ಲಿನ ಕೆಳಗೆ ಬೆರಳು ಹಿಡಿಯುವ ಮೊದಲು ಅವರು ಮಾರುವವನ ಹಗ್ಗ, ಬಾರುಕೋಲು, ಎತ್ತಿನ ಹೆಗಲ ಮೇಲಿನ ಗಾಯದ ಗುರುತು ಇವನ್ನು ಕಣ್ಣಲ್ಲೇ ಅಳೆಯುತ್ತಿದ್ದರು. ಹಾಟ್ ಹ್ಯಾಚ್, ಅಂದರೆ ಜೋರು ಎಂಜಿನ್ನಿನ ಇಂಥ ಚಿಕ್ಕ ಗಾಡಿಯ ವಿಷಯದಲ್ಲಿಯೂ ನೀನು ಕೊಳ್ಳುವುದು ಎಂಜಿನ್ನನ್ನಲ್ಲ, ಹಿಂದಿನವನ ಅಭ್ಯಾಸವನ್ನು. ಇಂಥ ಗಾಡಿಯನ್ನು ಯಾರೂ ಮೆಲ್ಲಗೆ ಓಡಿಸಲು ಕೊಂಡಿರುವುದಿಲ್ಲ; ‘ಒಂದು ದಿನವೂ ಜೋರಾಗಿ ಓಡಿಸಿಲ್ಲ ಸಾರ್’ ಎನ್ನುವವನ ಮಾತನ್ನು ನಂಬಬೇಡ. ಜೋರಾಗಿ ಓಡಿಸಿ, ಅಷ್ಟೇ ಮುತುವರ್ಜಿಯಿಂದ ಎಣ್ಣೆ ಬದಲಿಸಿದವನ ಗಾಡಿಯನ್ನು ನಾನು ಕಣ್ಣು ಮುಚ್ಚಿ ಕೊಳ್ಳುತ್ತೇನೆ. ಮೆಲ್ಲಗೆ ಓಡಿಸಿ ಎಣ್ಣೆಯನ್ನು ಮರೆತವನ ಗಾಡಿಯ ಹತ್ತಿರವೂ ಸುಳಿಯುವುದಿಲ್ಲ.

ಈ ತಿಳಿವು ನನಗೆ ಪುಕ್ಕಟೆಯಾಗಿ ಬಂದದ್ದಲ್ಲ. ಐಟಿಐಯಲ್ಲಿ ಮೂವತ್ತು ವರ್ಷ ಎಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿಸಿದ ನಾನೇ ಒಮ್ಮೆ ಬೆಂಗಳೂರಿನಲ್ಲಿ ಹಳೆಯದೊಂದು ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕೊಂಡೆ. ನಾನು ಹೋಗುವ ವೇಳೆಗೆ ಮಾಲೀಕ ಗಾಡಿಯನ್ನು ಚಾಲೂ ಮಾಡಿ ಮನೆಯ ಮುಂದೆ ನಿಲ್ಲಿಸಿದ್ದ. ಎಂಜಿನ್ ಬಿಸಿಯಾಗಿತ್ತು, ಸದ್ದು ರೇಷ್ಮೆಯಂತಿತ್ತು, ನಾನು ಅರ್ಧ ಗಂಟೆಯಲ್ಲಿ ಮುಂಗಡ ಕೊಟ್ಟೆ. ಹಿರಿಯೂರು ದಾಟುತ್ತಿದ್ದಂತೆ ಉಷ್ಣದ ಮುಳ್ಳು ಏರತೊಡಗಿತು, ಐಮಂಗಲದ ಹತ್ತಿರ ನೀರು ಕುದಿದು ಹೊರಬಂತು. ಎಂಜಿನ್ನಿನ ತಲೆಭಾಗವಾದ ಹೆಡ್ಡಿನ ಕೆಳಗೆ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಮೊದಲೇ ಹೋಗಿತ್ತು, ಹೆಡ್ ಬಾಗಿತ್ತು. ಬೆಳಿಗ್ಗೆ ತಣ್ಣಗಿದ್ದಾಗ ನೋಡಿದ್ದರೆ ನೀರಿನ ಡಬ್ಬಿಯ ಮುಚ್ಚಳ ತೆಗೆದು ಒಂದೇ ನಿಮಿಷದಲ್ಲಿ ತಿಳಿಯಬಹುದಾಗಿದ್ದ ಸಂಗತಿಗೆ ನಾನು ನಾಲ್ಕು ತಿಂಗಳ ಸಂಬಳ ತೆತ್ತೆ.

ಆದ್ದರಿಂದ ಹಿಂದಿನ ರಾತ್ರಿಯಿಂದ ಚಾಲೂ ಮಾಡದ ಗಾಡಿಯನ್ನೇ ನೋಡುವುದಾಗಿ ಹೇಳು. ಹೋದ ಕೂಡಲೇ ಮಾತು ಶುರುಮಾಡುವ ಮುನ್ನ ಬಾನೆಟ್ಟಿನ ಮೇಲೆ ಕೈಯಿಡು. ಬಿಸಿಯಿದ್ದರೆ ಕಾಫಿ ಕುಡಿದು, ನಾಳೆ ಬರುತ್ತೇನೆಂದು ಎದ್ದು ಬಾ. ತಣ್ಣಗಿದ್ದರೆ ಎಣ್ಣೆಯ ಮುಚ್ಚಳ ಬಿಚ್ಚಿ ಒಳಮೈ ನೋಡು. ಅಲ್ಲಿ ಮಜ್ಜಿಗೆಯ ಬಣ್ಣದ ನೊರೆ ಅಂಟಿದ್ದರೆ, ಅಥವಾ ಎಂಜಿನ್ ತಣಿಸುವ ದ್ರವದ, ಅಂದರೆ ಕೂಲೆಂಟಿನ ಡಬ್ಬಿಯಲ್ಲಿ ಎಣ್ಣೆಯ ಪೊರೆ ತೇಲುತ್ತಿದ್ದರೆ, ನೀರೂ ಎಣ್ಣೆಯೂ ಎಲ್ಲೋ ಸೇರುತ್ತಿವೆ ಎಂದು ಅನುಮಾನಿಸು. ಡಬ್ಬಿಯಲ್ಲಿ ಬಣ್ಣದ ಕೂಲೆಂಟಿನ ಬದಲು ಬರೀ ನಲ್ಲಿಯ ನೀರಿದ್ದರೆ ಅದೂ ಹಿಂದಿನವನ ಗುಣದ ಸಾಕ್ಷಿಯೇ. ಆಮೇಲೆ ನೀನು ಹೊಗೆಕೊಳವೆಯ ಹಿಂದೆ ನಿಂತು ಇನ್ನೊಬ್ಬರಿಂದ ಚಾಲೂ ಮಾಡಿಸು. ಚಳಿಯ ಮುಂಜಾನೆ ಬರುವ ತೆಳು ಬಿಳಿ ಹಬೆಗೆ ಹೆದರಬೇಡ, ಅದು ಸ್ವಲ್ಪ ಹೊತ್ತಿಗೆ ಆರುತ್ತದೆ. ಆರದೆ ಸಿಹಿವಾಸನೆಯೊಂದಿಗೆ ಮುಂದುವರಿದರೆ ಕೂಲೆಂಟ್ ಉರಿಯುತ್ತಿದೆ. ನೀಲಿಯಾಗಿದ್ದರೆ ಎಣ್ಣೆ ಉರಿಯುತ್ತಿದೆ. ಪೋಲೊದಲ್ಲಿರುವಂಥ ಆ ಕಾಲದ 1.2 ಟಿಎಸ್‌ಐ ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ, ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಟೈಮಿಂಗ್ ಚೈನ್ ಸಡಿಲವಾಗುವ ದೂರು ಹಳೆಯದು, ಅದಕ್ಕಾಗಿ ಮೊದಲ ಕೆಲವು ಸೆಕೆಂಡುಗಳ ಸದ್ದನ್ನು ಕಿವಿಗೊಟ್ಟು ಕೇಳು: ಡಬ್ಬಿಯಲ್ಲಿ ಮೊಳೆ ಅಲುಗಿಸಿದಂತೆ ಕಟಕಟ ಎಂದರೆ ಆ ಚೈನು ತನ್ನ ವಯಸ್ಸನ್ನು ತಾನೇ ಹೇಳುತ್ತಿದೆ. ಎಂಜಿನ್ ಬಿಸಿಯಾದ ಮೇಲೆ ಈ ಸದ್ದು ಅಡಗಿಬಿಡುತ್ತದೆ, ಮಾರುವವರು ಮೊದಲೇ ಚಾಲೂ ಮಾಡಿಡುವುದೂ ಇದಕ್ಕೇ. ಅಬಾರ್ತಿನ 1.4 ಟಿ-ಜೆಟ್‌ನಲ್ಲಿ ಚೈನಿಲ್ಲ, ಬೆಲ್ಟ್ ಇದೆ. ಅದು ಸದ್ದು ಮಾಡಿ ಎಚ್ಚರಿಸುವುದಿಲ್ಲ, ಒಂದು ದಿನ ತುಂಡಾಗುತ್ತದೆ, ಆಗ ವಾಲ್ವುಗಳೂ ಬಾಗುವ ಭಯವಿದೆ. ಗಾಡಿ ಕಡಿಮೆ ಓಡಿದೆ ಎಂಬ ಕಾರಣಕ್ಕೆ ಬೆಲ್ಟ್ ಹೊಸದಾಗುವುದಿಲ್ಲ, ರಬ್ಬರಿಗೆ ಕಿಲೋಮೀಟರಿನಷ್ಟೇ ವರ್ಷಗಳೂ ಲೆಕ್ಕ. ಬದಲಿಸಿದ ಬಿಲ್ಲು ತೋರಿಸದಿದ್ದರೆ, ಕೊಂಡ ಮೊದಲ ವಾರವೇ ನೀನು ಬದಲಿಸಬೇಕೆಂದು ತಿಳಿದು ಆ ಹಣವನ್ನು ಬೆಲೆಯಲ್ಲಿ ಕಳೆ.

ಟರ್ಬೊ ಎಂಬುದು ಎಂಜಿನ್ ಉಗುಳುವ ಹೊಗೆಯ ರಭಸದಿಂದಲೇ ತಿರುಗುವ ಗಾಳಿಯಂತ್ರ. ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ ತಿರುಗುವ ಆ ಅಚ್ಚನ್ನು ಎತ್ತಿ ಹಿಡಿದಿರುವುದು ತೆಳುವಾದ ಎಣ್ಣೆಯ ಪದರ ಮಾತ್ರ. ಎಣ್ಣೆ ಹಳತಾದರೆ ಅಥವಾ ಕಡಿಮೆಯಾದರೆ ಮೊದಲು ಸಾಯುವುದು ಟರ್ಬೊ. ಹೀಗಾಗಿ ಸರ್ವಿಸ್ ಪುಸ್ತಕದ ಮುದ್ರೆಗಳಿಗಿಂತ ಬಿಲ್ಲುಗಳನ್ನು ಕೇಳು, ಬಿಲ್ಲಿನಲ್ಲಿ ಎಣ್ಣೆಯ ದರ್ಜೆಯನ್ನು ನೋಡು. ಪೋಲೊಗೆ ಕಂಪನಿ ಹೇಳಿದ್ದು 502 00 ದರ್ಜೆಯ ಸಿಂಥೆಟಿಕ್. ವರ್ಷಕ್ಕೊಮ್ಮೆಯಾದರೂ ಬದಲಿಸಿರಬೇಕು, ಅದಕ್ಕೂ ಮುಂಚೆ ಬದಲಿಸಿದವನಿದ್ದರೆ ಅವನ ಕೈ ಕುಲುಕು. ಇನ್ನೊಂದು ಪ್ರಶ್ನೆಯನ್ನು ಮಾತಿನ ನಡುವೆ ಹಗುರವಾಗಿ ಕೇಳು: ‘ಹೈವೇಯಲ್ಲಿ ಜೋರಾಗಿ ಬಂದ ಮೇಲೆ ಎಂಜಿನ್ ಹೇಗೆ ನಿಲ್ಲಿಸುತ್ತೀರಿ?’ ಕೊನೆಯ ಎರಡು ಕಿಲೋಮೀಟರ್ ಮೆಲ್ಲಗೆ ಬರುತ್ತೇನೆ, ಅಥವಾ ಒಂದು ನಿಮಿಷ ಹಾಗೇ ಬಿಟ್ಟು ಆರಿಸುತ್ತೇನೆ ಎಂದರೆ ಅವನಿಗೆ ಗಾಡಿ ಗೊತ್ತು. ‘ಕೀ ತಿರುಗಿಸ್ತೀನಿ, ಮತ್ತಿನ್ನೇನು’ ಎಂದರೆ ನಿನಗೆ ಅವನು ಗೊತ್ತಾದ.

ಪೋಲೊ ಜಿಟಿ ಟಿಎಸ್‌ಐಯ ನಿಜವಾದ ಪರೀಕ್ಷೆ ಇರುವುದು ಗೇರ್‌ಬಾಕ್ಸಿನಲ್ಲಿ. 105 ಅಶ್ವಶಕ್ತಿಯ, 175 ನ್ಯೂಟನ್ ಮೀಟರ್ ತಿರುಚುಬಲದ (ಟಾರ್ಕ್) ಆ ಎಂಜಿನ್ನಿಗೆ ಜೋಡಿಸಿರುವುದು ಏಳು ಗೇರುಗಳ, ತಾನೇ ಗೇರು ಬದಲಿಸಿಕೊಳ್ಳುವ ಡಿಎಸ್‌ಜಿ. ಅದರಲ್ಲಿ ಎರಡು ಕ್ಲಚ್, ಎರಡೂ ಎಣ್ಣೆಯಲ್ಲಿ ಮುಳುಗದ ಒಣ ಕ್ಲಚ್. ಒಂದು ಗೇರಿನಲ್ಲಿ ಓಡುತ್ತಿರುವಾಗಲೇ ಮುಂದಿನದನ್ನು ಹಿಡಿದು ಕಾಯುವುದರಿಂದ ಹೈವೇಯಲ್ಲಿ ಅದು ಬೆಣ್ಣೆಯಂತೆ ಬದಲಾಗುತ್ತದೆ, ಆದರೆ ದಟ್ಟಣೆಯಲ್ಲಿ ಅಂಗುಲ ಅಂಗುಲ ತೆವಳುವಾಗ ಒಣ ಕ್ಲಚ್ ಬಿಸಿಯೇರುತ್ತದೆ, ಸವೆಯುತ್ತದೆ. ಇದನ್ನೆಲ್ಲ ಆಡಿಸುವ ಮೆಕಟ್ರಾನಿಕ್ ಎಂಬ ಮಿದುಳು ಕೆಟ್ಟರೆ ಬರುವ ಖರ್ಚು ಗಾಡಿಯ ಬೆಲೆಯ ದೊಡ್ಡ ಪಾಲನ್ನೇ ನುಂಗಬಲ್ಲದು. 2013ರ ನವೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಈ ಗೇರ್‌ಬಾಕ್ಸ್ ಇರುವ ಗಾಡಿಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಕರೆದು ಅದರೊಳಗಿನ ಸಿಂಥೆಟಿಕ್ ಎಣ್ಣೆಯ ಬದಲು ಖನಿಜ ಎಣ್ಣೆ ತುಂಬಿಸಿತ್ತು. ಇಷ್ಟೆಲ್ಲ ಹೇಳಿದ್ದು ನಿನ್ನನ್ನು ಹೆದರಿಸಲಲ್ಲ; ಚೆನ್ನಾಗಿರುವ ಡಿಎಸ್‌ಜಿ ವರ್ಷಗಟ್ಟಲೆ ಚೆನ್ನಾಗಿಯೇ ಇರುತ್ತದೆ. ಆದರೆ ಅದನ್ನು ಬೆಳಗಿನ ಖಾಲಿ ರಸ್ತೆಯಲ್ಲಿ ಪರೀಕ್ಷಿಸಿದರೆ ಏನೂ ತಿಳಿಯದು. ಬೆಳಿಗ್ಗೆ ತಣ್ಣಗಿದ್ದಾಗ ಎಂಜಿನ್ ನೋಡಿ, ಸಂಜೆ ಆರರ ಹೊತ್ತಿಗೆ ಮತ್ತೆ ಹೋಗಿ ಪಿ.ಬಿ. ರಸ್ತೆಯ ದಟ್ಟಣೆಯಲ್ಲಿ, ಗಾಂಧಿ ವೃತ್ತದ ಸುತ್ತಮುತ್ತ, ಅರ್ಧ ಗಂಟೆ ತೆವಳಿಸು. ಒಂದರಿಂದ ಎರಡನೆಯ ಗೇರಿಗೆ ಹೋಗುವಾಗ ಗಾಡಿ ನಡುಗುತ್ತದೆಯೇ, ಹಿಮ್ಮುಖವಾಗಿ ಏರು ಹತ್ತಿಸುವಾಗ ತಡವರಿಸುತ್ತದೆಯೇ, ಮೀಟರ್ ಫಲಕದಲ್ಲಿ ಗೇರಿನ ಅಕ್ಷರ ಮಿಟುಕುತ್ತದೆಯೇ ಎಂಬುದನ್ನು ಗಮನಿಸು. ಅಲ್ಲಿಂದ ಆನಗೋಡಿನವರೆಗೆ ಹೈವೇಯಲ್ಲಿ ಹೋಗಿ ಬಾ. ಅಬಾರ್ತಿಗೆ ಕೈಗೇರು, ಅದನ್ನು ಮೇಲಿನ ಗೇರಿಗೆ ಹಾಕಿ ಕಡಿಮೆ ವೇಗದಿಂದ ಒಮ್ಮೆಲೇ ಒತ್ತು. ಎಂಜಿನ್ನಿನ ಸುತ್ತು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. 212 ನ್ಯೂಟನ್ ಮೀಟರನ್ನು ತಡೆಯುವ ಕ್ಲಚ್ ಅಗ್ಗದ್ದಲ್ಲ.

ಈ ಗಾಡಿಗಳ ಇನ್ನೊಂದು ಗುಟ್ಟು ರಿಮ್ಯಾಪ್. ಲ್ಯಾಪ್‌ಟಾಪ್ ಹಚ್ಚಿ ಎಂಜಿನ್ನಿನ ಲೆಕ್ಕಾಚಾರ ಬದಲಿಸಿ ಶಕ್ತಿ ಹೆಚ್ಚಿಸಿಕೊಂಡವರು ಮಾರುವ ಮೊದಲು ಹಳೆಯದನ್ನೇ ತುಂಬಿಸಿಬಿಡುತ್ತಾರೆ. ಸೈಲೆನ್ಸರ್, ಏರ್ ಫಿಲ್ಟರ್ ಕಂಪನಿಯದ್ದೇ ಮರಳುತ್ತವೆ. ಆದರೆ ಹತ್ತು ವರ್ಷದ ಗಾಡಿಯ ಸೈಲೆನ್ಸರ್ ಕ್ಲಾಂಪುಗಳು ಮಾತ್ರ ಹೊಸದಾಗಿ ಮಿರುಗುತ್ತಿದ್ದರೆ ಯಾಕೆಂದು ಕೇಳು. ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಓದುವ ಒಬಿಡಿ ಸ್ಕ್ಯಾನರ್ ಒಂದು ಜೊತೆಗಿರಬೇಕು. ದೋಷದ ಕೋಡ್ ಇಲ್ಲವೆಂದು ಸಮಾಧಾನಪಡಬೇಡ, ‘ರೆಡಿನೆಸ್’ ಎಂಬ ಪುಟ ತೆರೆದು ನೋಡು. ಅಲ್ಲಿ ಹಲವು ಪರೀಕ್ಷೆಗಳು ‘ಅಪೂರ್ಣ’ ಎಂದಿದ್ದರೆ ಯಾರೋ ಇತ್ತೀಚೆಗಷ್ಟೇ ಕೋಡುಗಳನ್ನು ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ ಎಂದರ್ಥ. ತಯಾರಕರ ವಿವರಕ್ಕೆ ಹೊಂದದ ಮಾರ್ಪಾಡುಗಳನ್ನು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಒಪ್ಪುವುದಿಲ್ಲ, ವಿಮೆಯವರು ಕ್ಲೇಮಿನ ಹೊತ್ತಿಗೆ ಅದನ್ನೇ ಹಿಡಿಯುತ್ತಾರೆ.

ಮೈಯನ್ನು ಬಿಸಿಲಿನಲ್ಲಿ ನೋಡು, ಮಳೆ ಬಂದು ಒದ್ದೆಯಾಗಿದ್ದಾಗ ಎಲ್ಲ ಬಣ್ಣವೂ ಚೆನ್ನ. ಬಾನೆಟ್ಟಿನ ಕೆಳಗೆ ರೇಡಿಯೇಟರ್ ಹಿಡಿದಿರುವ ಚೌಕಟ್ಟು, ಮುಂದಿನ ಶಾಕ್ ಅಬ್ಸಾರ್ಬರ್ ಕೂರುವ ಜಾಗದ ಬೆಸುಗೆ, ಫೆಂಡರ್ ಬೋಲ್ಟುಗಳ ಬಣ್ಣ ಇವುಗಳಲ್ಲಿ ಅಪಘಾತದ ಕಥೆ ಉಳಿದಿರುತ್ತದೆ. ಗಾಜುಗಳ ಮೂಲೆಯ ವರ್ಷದ ಗುರುತು ಎಲ್ಲದರಲ್ಲೂ ಒಂದೇ ಇರಬೇಕು. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಿ ಆರಬೇಕು; ಹತ್ತದೇ ಇದ್ದರೆ ಸಂತೋಷಪಡಬೇಡ, ಬಿಚ್ಚಿಕೊಂಡ ಏರ್‌ಬ್ಯಾಗನ್ನು ಮುಚ್ಚಿಡಲು ದೀಪವನ್ನೇ ತೆಗೆದವರಿದ್ದಾರೆ. ಟೈರಿನ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ: 2319 ಎಂದರೆ 2019ರ 23ನೆಯ ವಾರ. ನಮ್ಮ ಕಡೆಯ ಎರೆಮಣ್ಣು ಒಮ್ಮೆ ಅಂಟಿದರೆ ಸುಲಭಕ್ಕೆ ಬಿಡುವುದಿಲ್ಲ, ಹೀಗಿರುವಾಗ ದಾವಣಗೆರೆಯ ಗಾಡಿಯ ಎಂಜಿನ್ ಮನೆ ಕನ್ನಡಿಯಂತೆ ಹೊಳೆಯುತ್ತಿದ್ದರೆ ಯಾವ ಎಣ್ಣೆಯ ಸೋರಿಕೆಯನ್ನು ತೊಳೆದರೋ ಎಂದು ನನ್ನ ಮನಸ್ಸು ಮೊದಲು ಯೋಚಿಸುತ್ತದೆ.

ಕಾಗದಪತ್ರದ ವಿಷಯ ನಿನಗೇ ಗೊತ್ತು. ಚಾಸಿ ಸಂಖ್ಯೆಯನ್ನು ಆರ್‌ಸಿಯೊಂದಿಗೆ ಕಣ್ಣಾರೆ ಹೋಲಿಸು. ಸಾಲದ ನಮೂದಿದ್ದರೆ ಸಾಲ ತೀರಿತೆಂದು ಬ್ಯಾಂಕಿನ ಸಹಿಯಿರುವ ಫಾರಂ 35 ಇಲ್ಲದೆ ಹಣ ಕೊಡಬೇಡ. ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೆಯ ಫಾರಂಗಳಿಗೆ ನಿನ್ನ ಎದುರೇ ಸಹಿ ಆಗಲಿ. ಪೋಲೊದ ನೋಂದಣಿ 15 ವರ್ಷಕ್ಕೆ, ಅಂದರೆ 2029ಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಪುಣೆಯ ಗಾಡಿಗೆ ಅಲ್ಲಿಯ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ಮರುನೋಂದಣಿ ಆಗಬೇಕು, ಕರ್ನಾಟಕದ ತೆರಿಗೆ ಬೇರೆಯಾಗಿ ಕಟ್ಟಬೇಕು. ಅಗ್ಗವಾಗಿ ಕಂಡ ಬೆಲೆಗೆ ಇದನ್ನು ಕೂಡಿಸಿ ನೋಡಿದರೆ ಅಗ್ಗ ಉಳಿಯುತ್ತದೋ ಇಲ್ಲವೋ.

ನನ್ನ ಅಭಿಪ್ರಾಯ ಕೇಳಿದ್ದೀಯ. ಮನಸ್ಸು ಅಬಾರ್ತಿನ ಕಡೆಗಿದೆ, 145 ಅಶ್ವಶಕ್ತಿ, ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕು, ಆ ವಯಸ್ಸಿನಲ್ಲಿ ನಾನಾಗಿದ್ದರೆ ಅದನ್ನೇ ಕೊಳ್ಳುತ್ತಿದ್ದೆ. ಆದರೆ ಬಿಡಿಭಾಗವೊಂದಕ್ಕೆ ತಿಂಗಳುಗಟ್ಟಲೆ ಕಾಯಬೇಕಾದ ಗಾಡಿ ದಿನಾ ಕೆಲಸಕ್ಕೆ ಹೋಗುವವನಿಗೆ ಸಲ್ಲದು. ಪೋಲೊದ ಡಿಎಸ್‌ಜಿ ಸಂಜೆಯ ಪರೀಕ್ಷೆಯಲ್ಲಿ ಗೆದ್ದರೆ ಅದನ್ನು ತೆಗೆದುಕೋ, ಬೆಲೆಯ ಐದನೆಯ ಒಂದು ಪಾಲನ್ನು ರಿಪೇರಿಗೆಂದು ಮುಟ್ಟದೆ ತೆಗೆದಿಡು. ಗೇರ್‌ಬಾಕ್ಸ್ ಸೋತರೆ ಎರಡನ್ನೂ ಬಿಡು. ದಲ್ಲಾಳಿ ಬೆಣ್ಣೆದೋಸೆ ತಿನ್ನಿಸಲು ಕರೆದೊಯ್ದರೆ ಹೋಗು, ಬಿಲ್ಲು ನೀನೇ ಕೊಡು.

ಭಾನುವಾರ ಬೆಳಿಗ್ಗೆ ಆರು ಗಂಟೆಯ ಬಸ್ಸಿಗೆ ಹೊರಡುತ್ತೇನೆ, ಏಳೂವರೆಯೊಳಗೆ ದಾವಣಗೆರೆಯಲ್ಲಿರುತ್ತೇನೆ. ಮಾಲೀಕನಿಗೆ ಶನಿವಾರ ರಾತ್ರಿಯೇ ಫೋನು ಮಾಡಿ, ನಾವು ಬರುವವರೆಗೆ ಕೀ ಮುಟ್ಟಬೇಡಿ ಎಂದು ಹೇಳಿಡು. ನೀನು ಒಂದು ಟಾರ್ಚ್ ಮತ್ತು ಗಾಡಿಯ ಕೆಳಗೆ ಹಾಸಿ ಮಲಗಲು ಹಳೆಯ ಚಾಪೆ ತೆಗೆದುಕೊಂಡು ಬಾ. ಸ್ಕ್ಯಾನರ್ ನನ್ನ ಹತ್ತಿರವಿದೆ.

ಇಂತಿ ನಿನ್ನ ದೊಡ್ಡಪ್ಪ