ಭಾಷಣ ಕಲೆಯ ಜೊತೆಗೆ ಕೇಳಿಸಿಕೊಳ್ಳುವುದನ್ನೂ ಕಲಿಸಿ

ಮಾನ್ಯ ಸಂಪಾದಕರೇ,

ಶಾಲೆಗಳಿಗೆ ರಜೆ ಬಂತೆಂದರೆ ಮುಂಬಯಿಯ ಕನ್ನಡ ಸಂಘಗಳಲ್ಲಿ ವ್ಯಕ್ತಿತ್ವ ವಿಕಸನ ಶಿಬಿರ, ಭಾಷಣ ಕಲೆಯ ತರಬೇತಿ ನಡೆಯುತ್ತವೆ. ನಡೆಯಲೇಬೇಕು. ಆದರೆ ಅಲ್ಲಿ ಕಲಿಸುವುದು ವೇದಿಕೆಯ ಮೇಲೆ ನಿಂತು ಮಾತಾಡುವುದನ್ನು ಮಾತ್ರ. ಕೌಂಟರಿನಿಂದ ಅಡುಗೆಮನೆಗೆ, ಮ್ಯಾನೇಜರರಿಂದ ಕೆಲಸದವರಿಗೆ, ಸೊಸೆಯಿಂದ ಅತ್ತೆಗೆ ದಿನವಿಡೀ ಹೋಗುವ ಮಾತು ಎಲ್ಲಿ ಕೆಡುತ್ತದೆ ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಕೆಟ್ಟಾಗ "ಅವನಿಗೆ ಗಮನವೇ ಇಲ್ಲ", "ಅವರು ಬೇಕಂತಲೇ ಕೇಳಿಸಿಕೊಳ್ಳಲ್ಲ" ಎಂದು ಮನುಷ್ಯರ ಸ್ವಭಾವದ ಮೇಲೆ ಹಾಕಿಬಿಡುತ್ತೇವೆ. ಬಹಳ ಸಲ ದೋಷ ಇರುವುದು ಸುತ್ತಲಿನ ಸದ್ದಿನಲ್ಲಿ, ನಿಂತ ದೂರದಲ್ಲಿ, ವಾಕ್ಯದ ಬಾಲದಲ್ಲಿ. ಈ ಮೂರನ್ನೂ ಸರಿಮಾಡಬಹುದು.

ವಾಕ್ಯದ ಬಾಲದಿಂದಲೇ ಶುರುಮಾಡುತ್ತೇನೆ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಹೌದೋ ಅಲ್ಲವೋ ಎಂಬುದು ಗೊತ್ತಾಗುವುದೂ ಅಲ್ಲೇ. "ನಾಳೆ ಆ ಸಾಮಾನನ್ನು ಭಿವಂಡಿ ಗೋಡೌನಿಗೆ ಕಳಿಸ..." ಎನ್ನುವವರೆಗೆ ಎರಡೂ ಒಂದೇ. ಮುಂದೆ ಬರುವುದು 'ಬೇಕು' ಆಗಬಹುದು, 'ಬಾರದು' ಆಗಬಹುದು. ಮಾತಾಡುವವರ ಉಸಿರು ಮುಗಿಯುವುದೂ ಅಲ್ಲೇ, ದನಿ ಇಳಿಯುವುದೂ ಅಲ್ಲೇ. ಕೇಳುವವರಾದರೋ "ಹ್ಞಾಂ, ಆಯ್ತು" ಎಂದು ಅಷ್ಟರಲ್ಲೇ ತಲೆಯಾಡಿಸಿರುತ್ತಾರೆ. ಫೋನಿನಲ್ಲಂತೂ ಇದು ನಿತ್ಯದ ಪಾಡು. ಬೇಡದ್ದನ್ನು ಹೇಳುವಾಗ 'ಬೇಡ' ಎಂಬುದನ್ನು ಮೊದಲು ಹೇಳಿ, ಕೊನೆಗೆ ಇನ್ನೊಮ್ಮೆ ಹೇಳಿ: "ಬೇಡ, ನಾಳೆ ಸಾಮಾನು ಕಳಿಸೋದು ಬೇಡ." ವಾಕ್ಯ ಹತ್ತು ಪದ ದಾಟಬಾರದು. ಕೇಳುವವರು ಕ್ರಿಯಾಪದ ಕಿವಿಗೆ ಬಿದ್ದ ಮೇಲಷ್ಟೇ ಬಾಯಿ ತೆರೆಯಬೇಕು.

ದನಿ ಇಳಿಯುವ ಅಭ್ಯಾಸ ಬಿಡಿಸಲು ಸುಲಭ ಉಪಾಯವಿದೆ. ಮೊಬೈಲನ್ನು ಒಂದು ಮಾರು ದೂರ ಇಟ್ಟು, ಪತ್ರಿಕೆಯ ಯಾವುದಾದರೂ ಸುದ್ದಿಯನ್ನು ಒಂದು ನಿಮಿಷ ಓದಿ ರೆಕಾರ್ಡ್ ಮಾಡಿ. ಮತ್ತೆ ಕೇಳುವಾಗ ಉಚ್ಚಾರ, ಓಘ ಯಾವುದನ್ನೂ ನೋಡಬೇಡಿ. ಪ್ರತಿ ವಾಕ್ಯದ ಕೊನೆಯ ಪದ ಸ್ಪಷ್ಟವಾಗಿ ಕೇಳಿಸಿತೇ ಎಂಬುದನ್ನಷ್ಟೇ ಗುರುತುಹಾಕಿ. ಕೇಳಿಸದ ವಾಕ್ಯವನ್ನು ನಡುವೆ ಒಮ್ಮೆ ನಿಲ್ಲಿಸಿ, ಉಸಿರು ತೆಗೆದುಕೊಂಡು ಮತ್ತೆ ಓದಿ. ದಿನಕ್ಕೆ ಐದು ನಿಮಿಷದಂತೆ ಎರಡು ವಾರ ಮಾಡಿದರೆ ಕಿವಿಯೇ ಎಚ್ಚರಿಸತೊಡಗುತ್ತದೆ. ಕೂಗಿ ಮಾತಾಡುವ ಅಗತ್ಯವಿಲ್ಲ. ಕೂಗಿದಾಗ ಸ್ವರಗಳು ದೊಡ್ಡದಾಗುತ್ತವೆ, ಪದವನ್ನು ಗುರುತಿಸಲು ಬೇಕಾದ ವ್ಯಂಜನಗಳು ಅಷ್ಟು ದೊಡ್ಡದಾಗುವುದಿಲ್ಲ.

ಇನ್ನು ಅಂಕಿ. ಇಪ್ಪತ್ತು ಮತ್ತು ಎಪ್ಪತ್ತರ ನಡುವೆ ಇರುವುದು ಒಂದು ಸ್ವರದ ವ್ಯತ್ಯಾಸ. ಲೋಕಲ್ ರೈಲಿನ ಸದ್ದಿನಲ್ಲಿ, ಎಕ್ಸಾಸ್ಟ್ ಫ್ಯಾನಿನ ಅಡಿಯಲ್ಲಿ ಅದೂ ಉಳಿಯುವುದಿಲ್ಲ. ಮುಂಬಯಿಯಲ್ಲಿ ಇದರ ಮೇಲೆ ಮರಾಠಿ, ಹಿಂದಿಯ ಎಣಿಕೆ ಬೇರೆ. ಮರಾಠಿಯ 'ಏಕೋಣಸಾಠ' ಎಂದರೆ ಅರವತ್ತಕ್ಕೆ (ಸಾಠ) ಒಂದು ಕಡಿಮೆ, 59. ಮನೆಯಲ್ಲಿ ಕನ್ನಡವೋ ತುಳುವೋ ಆಡಿ ಬೆಳೆದವರ ಕಿವಿಗೆ ಕೊನೆಯ 'ಸಾಠ' ಮಾತ್ರ ಗಟ್ಟಿಯಾಗಿ ಬೀಳುತ್ತದೆ, ಕೈ 69 ಎಂದು ಬರೆಯುತ್ತದೆ. ಆದ್ದರಿಂದ ದುಡ್ಡು, ಫೋನ್ ನಂಬರ್, ಔಷಧದ ಪ್ರಮಾಣ ಈ ಮೂರನ್ನು ಯಾವ ಭಾಷೆಯಲ್ಲೇ ಹೇಳಿ, ಬಿಡಿ ಅಂಕಿಯಲ್ಲಿ ಮತ್ತೊಮ್ಮೆ ಹೇಳಿ: "ಎಪ್ಪತ್ತು, ಏಳು ಸೊನ್ನೆ."

ವಿಮಾನ ಚಾಲಕರು ನಿಯಂತ್ರಣ ಕೇಂದ್ರದ ಮುಖ್ಯ ಸೂಚನೆಗಳನ್ನು ತಿರುಗಿ ಒಪ್ಪಿಸಲೇಬೇಕು, ಅದು ನಿಯಮ. ನಮ್ಮ ಹೋಟೆಲು, ಕ್ಯಾಂಟೀನು, ಕಚೇರಿಗಳಿಗೂ ಅದು ಬೇಕು. "ಅರ್ಥ ಆಯ್ತಾ?" ಎಂದು ಕೇಳಿ ಪ್ರಯೋಜನವಿಲ್ಲ, ಆಗದಿದ್ದರೂ "ಆಯ್ತು ಸರ್" ಎಂಬ ಉತ್ತರವೇ ಬರುತ್ತದೆ. ಊರಿನಿಂದ ಹೊಸದಾಗಿ ಬಂದ ಹುಡುಗ "ಇನ್ನೊಮ್ಮೆ ಹೇಳಿ" ಎನ್ನಲು ಹೆದರುತ್ತಾನೆ. "ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡೋಣ, ಏನೇನು ಮಾಡ್ತೀಯ ಒಮ್ಮೆ ಹೇಳಪ್ಪ" ಎಂದರೆ ಪರೀಕ್ಷೆ ಹೇಳಿದವರದ್ದಾಗುತ್ತದೆ, ಹುಡುಗನಿಗೆ ಅವಮಾನವೂ ಆಗುವುದಿಲ್ಲ. ಒಂದು ಉಸಿರಿಗೆ ಮೂರು ಸೂಚನೆ ಸಾಕು. ಐದನೆಯದು ಬರುವಷ್ಟರಲ್ಲಿ ಎರಡನೆಯದು ಜಾರಿಹೋಗಿರುತ್ತದೆ. ತಪ್ಪಿದರೆ ತೊಂದರೆಯಾಗುವಂಥದ್ದು ಮೊದಲು ಬರಲಿ. "ಎರಡು ಪಾವ್‌ಭಾಜಿ, ಒಂದು ಮಸಾಲೆ ದೋಸೆ, ಪಾವ್‌ಭಾಜಿ ಒಂದು ಜೈನ್" ಎಂದರೆ ಜೈನ್, ಅಂದರೆ ಈರುಳ್ಳಿ ಇಲ್ಲದ್ದು, ಎಂಬ ಮಾತು ಕಳೆದುಹೋಗಿ ತಟ್ಟೆಗೆ ಈರುಳ್ಳಿ ಬೀಳುತ್ತದೆ. "ಜೈನ್ ಪಾವ್‌ಭಾಜಿ ಒಂದು, ಸಾದಾ ಒಂದು, ಮಸಾಲೆ ಒಂದು" ಎಂದರೆ ಕೆಲಸ ಕೆಡುವುದಿಲ್ಲ. ಅಡುಗೆಯವರು ಅದನ್ನೇ ತಿರುಗಿ ಕೂಗಬೇಕು. ಬರಿಯ "ಹ್ಞೂಂ" ಲೆಕ್ಕಕ್ಕಿಲ್ಲ.

ಮನೆಯ ವಿಚಾರಕ್ಕೆ ಬಂದರೆ, ಒನ್ ರೂಮ್ ಕಿಚನ್‌ನಲ್ಲಿ ಟಿವಿ, ಮಿಕ್ಸಿ, ಕುಕ್ಕರ್, ಕಿಟಕಿಯಾಚೆಯ ರಸ್ತೆ ಎಲ್ಲ ಒಟ್ಟಿಗೇ ಇರುತ್ತವೆ. ಒಂದು ಮೀಟರ್ ದೂರದಲ್ಲಿ ಸಾಮಾನ್ಯ ಮಾತು ಸುಮಾರು 60 ಡೆಸಿಬೆಲ್. ಮಿಕ್ಸಿಯದ್ದು 80 ದಾಟುತ್ತದೆ. ಅಡುಗೆಮನೆಯಿಂದ ಹಾಲಿಗೆ ಕೂಗಿ ಹೇಳಿದ್ದು ತಲುಪಲಿಲ್ಲವೆಂದು ಸಿಟ್ಟಾಗುವ ಬದಲು, ಮಿಕ್ಸಿ ನಿಲ್ಲಿಸಿ, ನಾಲ್ಕು ಹೆಜ್ಜೆ ಹತ್ತಿರ ಹೋಗಿ, ಹೆಸರು ಹಿಡಿದು ಕರೆದು, ಮುಖ ತಿರುಗಿದ ಮೇಲೆ ಹೇಳಿ.

ಹಿರಿಯರ ವಿಷಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ಆಗುವ ನೋವು ದೊಡ್ಡದು. ವಯಸ್ಸಾದಂತೆ ಮೊದಲು ಮಂದವಾಗುವುದು ಕೀಚಲು ಸದ್ದನ್ನು ಹಿಡಿಯುವ ಶಕ್ತಿ. ಸ, ಶ, ತ, ಚ ಮುಂತಾದ ವ್ಯಂಜನಗಳ ಗುರುತು ಇರುವುದು ಆ ಭಾಗದಲ್ಲೇ. ಹಾಗಾಗಿ ಅವರು "ಕೇಳಿಸುತ್ತದೆ, ಏನಂದೆ ಅಂತ ಗೊತ್ತಾಗಲ್ಲ" ಎನ್ನುತ್ತಾರೆ, ಅದು ಅಕ್ಷರಶಃ ನಿಜ. ಮಗನ ದಪ್ಪ ದನಿ ತಿಳಿಯುತ್ತದೆ. ಸೊಸೆಯದ್ದು, ಮೊಮ್ಮಕ್ಕಳದ್ದು ತಿಳಿಯುವುದಿಲ್ಲ. "ಅತ್ತೆಗೆ ತನಗೆ ಬೇಕಾದ್ದು ಮಾತ್ರ ಕೇಳಿಸುತ್ತದೆ" ಎಂಬ ಆರೋಪ ಹುಟ್ಟುವುದು ಹೀಗೆ. ಕಿವಿಯ ಹತ್ತಿರ ಹೋಗಿ ಕಿರುಚಿದರೆ ಇನ್ನೂ ಕೆಡುತ್ತದೆ: ಇಂಥ ಕಿವಿಗೆ ಸಣ್ಣ ಸದ್ದು ಕೇಳಿಸುವುದಿಲ್ಲ, ದೊಡ್ಡದು ಸಹಿಸಲಾಗುವುದಿಲ್ಲ. ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಎದುರು ಕೂತು, ಎಂದಿನ ದನಿಯಲ್ಲೇ ತುಸು ನಿಧಾನಿಸಿ ಹೇಳಿ. ತಿಳಿಯದಿದ್ದರೆ ಅದೇ ಪದವನ್ನು ಮೂರು ಸಲ ಹೇಳಬೇಡಿ, ಬೇರೆ ಮಾತಿನಲ್ಲಿ ಹೇಳಿ. ಅಷ್ಟಾದರೂ ಕಷ್ಟವಾಗುತ್ತಿದ್ದರೆ ಪರೀಕ್ಷೆ ಮಾಡಿಸಲೇಬೇಕು. ಬಾಂದ್ರಾ ರಿಕ್ಲಮೇಶನ್‌ನಲ್ಲಿ 1983ರಲ್ಲಿ ಸ್ಥಾಪನೆಯಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇರುವುದೇ ವಾಕ್ ಮತ್ತು ಶ್ರವಣ ದೋಷಗಳಿಗಾಗಿ. ಕನ್ನಡಕಕ್ಕೆ ನಾಚದವರು ಶ್ರವಣ ಸಾಧನಕ್ಕೂ ನಾಚಬೇಕಿಲ್ಲ.

ಮಕ್ಕಳ ಹತ್ತಿರ "ಸ್ಕೂಲ್ ಹೇಗಿತ್ತು?" ಎಂದರೆ "ಚೆನ್ನಾಗಿತ್ತು" ಎಂಬಲ್ಲಿಗೆ ಮುಗಿಯಿತು. "ಇವತ್ತು ಡಬ್ಬಿ ಯಾರ ಜೊತೆ ತಿಂದೆ?" ಎಂದು ಕೇಳಿ, ಕೇಳಿದ ಮೇಲೆ ಮೂರು ಸೆಕೆಂಡು ಸುಮ್ಮನಿರಿ. ತರಗತಿಯಲ್ಲಿ ಶಿಕ್ಷಕರು ಪ್ರಶ್ನೆ ಕೇಳಿ ಒಂದು ಸೆಕೆಂಡೂ ಕಾಯುವುದಿಲ್ಲ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಎಂಬುದನ್ನು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದಾರೆ. ಮಗು ಹಿಂದಿಯಲ್ಲಿ "ಟೀಚರ್ ನೇ ಮುಝೆ ಡಾಂಟಾ" ಎಂದರೆ "ಕನ್ನಡದಲ್ಲಿ ಹೇಳು" ಎಂದು ತಡೆಯಬೇಡಿ. ಮಾತೂ ನಿಲ್ಲುತ್ತದೆ, ಕನ್ನಡದ ಮೇಲೆ ಮುನಿಸೂ ಬರುತ್ತದೆ. "ಹೌದಾ, ಟೀಚರ್ ಬೈದ್ರಾ? ಯಾಕಂತೆ?" ಎಂದು ನೀವು ಕನ್ನಡದಲ್ಲಿ ಮುಂದುವರಿಸಿ. ಬೇಕಾದ ಪದ ತಾನಾಗಿ ಅದರ ಕಿವಿಗೆ ಬಿದ್ದಿರುತ್ತದೆ.

ನಮ್ಮ ಸಭೆಗಳಿಗೆ ಒಂದೇ ಸೂಚನೆ. ಮೈಕು ಬಾಯಿಂದ ನಾಲ್ಕು ಬೆರಳು ದೂರವಿರಲಿ, ಅದರ ಜಾಳಿಗೆಯನ್ನು ಕೈಯಿಂದ ಮುಚ್ಚಬೇಡಿ. ಮುಚ್ಚಿದರೆ ಮೈಕು ಎಲ್ಲ ದಿಕ್ಕಿನ ಸದ್ದನ್ನೂ ಎಳೆದುಕೊಂಡು ಕುಂಯ್ ಎಂದು ಕೂಗುತ್ತದೆ.

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ತಲೆಮಾರು ಬೆಳೆಸಿದ ಕನ್ನಡ ಸಮಾಜ ನಮ್ಮದು. ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘದಿಂದ ಹಿಡಿದು ಉಪನಗರದ ಸಣ್ಣ ಸಂಘಗಳವರೆಗೆ ಎಲ್ಲರಲ್ಲೂ ಎರಡು ವಿನಂತಿ. ಒಂದು, ಶಿಬಿರಗಳಲ್ಲಿ ಭಾಷಣಕ್ಕೆ ಕೊಡುವಷ್ಟೇ ಸಮಯವನ್ನು ತಿರುಗಿ ಒಪ್ಪಿಸುವ ಅಭ್ಯಾಸಕ್ಕೂ ಕೊಡಿ: ಇಬ್ಬಿಬ್ಬರನ್ನು ಬೆನ್ನಿಗೆ ಬೆನ್ನು ಕೂರಿಸಿ, ಒಬ್ಬರು ಮೂರು ಸೂಚನೆ, ಎರಡು ಅಂಕಿ ಹೇಳಲಿ, ಇನ್ನೊಬ್ಬರು ಒಪ್ಪಿಸಲಿ. ಎರಡು, ಆರೋಗ್ಯ ಶಿಬಿರಗಳಲ್ಲಿ ಬಿಪಿ, ಶುಗರ್, ಕಣ್ಣಿನ ಜೊತೆ ಕಿವಿಯ ತಪಾಸಣೆಯನ್ನೂ ಸೇರಿಸಿ. ಅದಕ್ಕೆ ಸಭಾಂಗಣದ ಮೂಲೆ ಸಾಲದು. ಜನರ ಗದ್ದಲ ಇಲ್ಲದ ಪ್ರತ್ಯೇಕ ಕೋಣೆ ಬೇಕು, ಫ್ಯಾನ್ ನಿಲ್ಲಿಸಿರಬೇಕು, ಒಬ್ಬೊಬ್ಬರನ್ನೇ ಕೂರಿಸಿ 1000, 2000, 4000 ಹರ್ಟ್ಸ್‌ನಲ್ಲಿ (ಸದ್ದು ಎಷ್ಟು ಕೀಚಲು ಎಂಬುದರ ಅಳತೆ) ಎರಡೂ ಕಿವಿ ನೋಡಬೇಕು. ಹೋಟೆಲಿನ ಅಡುಗೆಮನೆ, ಪ್ರೆಸ್ಸು, ವರ್ಕ್‌ಶಾಪುಗಳಲ್ಲಿ ದುಡಿಯುವವರನ್ನು ಮೊದಲು ಕರೆಯಿರಿ. ಕೈಯಳತೆಯ ದೂರದಲ್ಲಿರುವವರಿಗೂ ದನಿ ಏರಿಸಿ ಹೇಳಬೇಕಾದ ಜಾಗದಲ್ಲಿ ಸದ್ದು 85 ಡೆಸಿಬೆಲ್ ಆಸುಪಾಸು ಇರುತ್ತದೆ. ಅಂಥಲ್ಲಿ ದಿನಕ್ಕೆ 8 ಗಂಟೆ ಮೀರಿ ವರ್ಷಗಟ್ಟಲೆ ದುಡಿದರೆ ಕಿವಿ ಸವೆಯುತ್ತದೆ, ಸವೆದದ್ದು ಮರಳಿ ಬರುವುದಿಲ್ಲ.

ಇಂತಿ,
ವಾಕ್ ಮತ್ತು ಶ್ರವಣ ತಜ್ಞೆ,
ಡೊಂಬಿವಲಿ