ಹೈಡ್ರೇಂಜಿಯಾ ಇಟ್ಟವರು ಮಳೆಗೆ ಮೊದಲು ಓದಿ

ಎಲ್ಲರಿಗೂ ನಮಸ್ಕಾರ. ಪತ್ತನಾಜೆ, ಅಂದರೆ ಮಳೆಗಾಲಕ್ಕೆ ಮುಂಚೆ ಬರುವ ನಮ್ಮ ತುಳುನಾಡಿನ ಆಚರಣೆಯ ದಿನ, ಹತ್ತಿರ ಬಂತು. ಓಕ್ ಮರದಂಥ ಅಗಲ ಎಲೆಯ ಹೂಗಿಡವಾದ ಓಕ್‌ಲೀಫ್ ಹೈಡ್ರೇಂಜಿಯಾ ಇಟ್ಟವರು ಈ ವಾರವೇ ಕುಂಡವನ್ನು ಜಗಲಿಗೆ ಎತ್ತಿಡಿ. ಬೆಳಗಿನ ಬಿಸಿಲು ಸಿಕ್ಕಿ, ಮಧ್ಯಾಹ್ನ ನೆರಳಿರುವ ಕಡೆ ಒಳ್ಳೆಯದು.

ಇದಕ್ಕೆ ತೇವ ಬೇಕು, ಆದರೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆತೇ ಹೋಗುತ್ತದೆ. ಕಳೆದ ಜುಲೈಯಲ್ಲಿ ಜಗಲಿಯಲ್ಲಿದ್ದ ನನ್ನ ಗಿಡದ ಎಲೆ ಬಾಡಿತ್ತು. ನೀರು ಸಾಲದು ಅಂದುಕೊಂಡು ಇನ್ನಷ್ಟು ಹಾಕಿದೆ. ಬುಡ ಆಗಲೇ ಕೊಳೆತಿತ್ತು. ಈಗಲೂ ಬೇಜಾರಾಗುತ್ತದೆ. ದಯವಿಟ್ಟು ಮೊದಲು ಮಣ್ಣಿಗೆ ಬೆರಳು ಹಾಕಿ ನೋಡಿ, ಕುಂಡದ ತೂತು ಕಟ್ಟಿದ್ದರೆ ಕಡ್ಡಿಯಿಂದ ಬಿಡಿಸಿ. ಮಣ್ಣಿಗೆ ದಪ್ಪ ಮರಳು, ತರಗೆಲೆ ಗೊಬ್ಬರ ಸೇರಿಸಿ. ಬೂದಿ, ಸುಣ್ಣ ಬೇಡ. ನಮ್ಮ ಮುರಮಣ್ಣಿನ ಹುಳಿ ಗುಣವೇ ಇದಕ್ಕೆ ಹಿತ.

ಮಳೆಗಾಲ ಮುಗಿದ ಮೇಲೆ ಸುಮ್ನೆ ಕೊಂಬೆ ಸವರಬೇಡಿ. ಹಳೆಯ ಕೊಂಬೆಯಲ್ಲೇ ಮುಂದಿನ ಹೂವಿನ ಮೊಗ್ಗು ಇರುತ್ತದೆ. ಸವರುವುದಿದ್ದರೆ ಹೂ ಮುಗಿದ ಕೂಡಲೇ.

ಬಣ್ಣ ನೀಲಿ ಆಗುತ್ತಾ ಎಂದು ಕೆಲವರು ಕೇಳಿದ್ದರು. ಆಗುವುದಿಲ್ಲ. ಮಡಿಕೇರಿಯಲ್ಲಿ ಕಾಣುವ ದುಂಡು ಹೂವಿನ ಜಾತಿ ಬೇರೆ. ಇದು ಬಿಳಿಯಾಗಿ ಅರಳಿ ನಸುಗುಲಾಬಿಗೆ ತಿರುಗುತ್ತದೆ. ಅಮೆರಿಕದ ಅಲಬಾಮ ಕಡೆಯ ಕಾಡುಗಿಡ, ಅಲ್ಲಿ ಚಳಿಗೆ ಎಲೆ ಉದುರಿಸಿ ಮಲಗುತ್ತದೆ. ನಮ್ಮ ಉಡುಪಿಯಲ್ಲಿ ಆ ಚಳಿ ಎಲ್ಲಿದೆ? ಹೂ ಬಾರದೆಯೂ ಇರಬಹುದು. ಹೊಸದಾಗಿ ಕೊಳ್ಳುವವರು ಇದನ್ನು ಯೋಚಿಸಿಯೇ ಕೊಳ್ಳಿ. ನಾನಂತೂ ಆ ಅಗಲ ಎಲೆಯ ಚೆಂದಕ್ಕೇ ಇನ್ನೊಂದು ನೆಟ್ಟಿದ್ದೇನೆ.